ಕ್ರೀಡಾಗ್ರಂಥಗಳಲ್ಲಿ ಅಡಗಿರುವ ಆರೋಗ್ಯಪಾಠ: ಹಾಕಿ ಆಟದ ನಿದರ್ಶನ

ಆರೋಗ್ಯವನ್ನು ಕುರಿತು ಓದಬೇಕೆಂದಾಗ ನಾವು ಸಾಮಾನ್ಯವಾಗಿ ಔಷಧ, ಪಥ್ಯ, ಯೋಗಾಸನಗಳ ಪುಸ್ತಕಗಳನ್ನು ಅರಸುತ್ತೇವೆ. ಆಟಗಾರರ ಆತ್ಮಕಥೆ, ಆಟಗಳ ಚರಿತ್ರೆ, ತರಬೇತಿಯ ಕೈಪಿಡಿ ಮುಂತಾದವು ಆಟದ ಹುಚ್ಚುಳ್ಳವರಿಗೆ ಮಾತ್ರ ಮೀಸಲೆಂದು ಪಕ್ಕಕ್ಕೆ ಇಡುತ್ತೇವೆ. ಆದರೆ ಶರೀರವನ್ನು ಹಂತಹಂತವಾಗಿ ಹದಗೊಳಿಸುವುದು ಹೇಗೆ, ದಣಿದ ಶರೀರಕ್ಕೆ ವಿಶ್ರಾಂತಿಯನ್ನು ಯಾವಾಗ ಕೊಡಬೇಕು, ನೋವನ್ನು ಎಲ್ಲಿಯವರೆಗೆ ಸಹಿಸಬಹುದು ಎಂಬ ಪ್ರಶ್ನೆಗಳಿಗೆ ಅನುಭವದ ಉತ್ತರವಿರುವುದು ಈ ಪುಸ್ತಕಗಳಲ್ಲಿಯೇ. ಅವುಗಳನ್ನು ಸರಿಯಾಗಿ ಓದುವ ಬಗೆಯನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಈ ವಿಚಾರ ಇಂದು ಏಕೆ ಅಗತ್ಯವೆಂಬುದನ್ನು ನಮ್ಮ ನಮ್ಮ ಮನೆಗಳನ್ನು ನೋಡಿದರೆ ಸಾಕು, ತಿಳಿಯುತ್ತದೆ. ಮಗ ಅಥವಾ ಮಗಳು ಒಂಬತ್ತನೆಯ ತರಗತಿಗೆ ಬಂದೊಡನೆ ಸಂಜೆಯ ಆಟ ನಿಂತು ಹೋಗುತ್ತದೆ. ಆ ವೇಳೆಯನ್ನು ಪಾಠದ ಮನೆ ಆಕ್ರಮಿಸುತ್ತದೆ. ಹತ್ತಾರು ವರ್ಷ ಮೈ ಬಗ್ಗಿಸದೆ ಕುಳಿತ ಅದೇ ವ್ಯಕ್ತಿ ನಲವತ್ತೈದರ ವಯಸ್ಸಿನಲ್ಲಿ, ರಕ್ತದೊತ್ತಡವೋ ಸಕ್ಕರೆ ಕಾಯಿಲೆಯೋ ಕಾಣಿಸಿಕೊಂಡಾಗ, ವೈದ್ಯರ ಮಾತಿಗೆ ಹೆದರಿ ಮರುದಿನವೇ ಮೈದಾನಕ್ಕಿಳಿದು ಓಡಲಾರಂಭಿಸುತ್ತಾನೆ; ವಾರ ತುಂಬುವುದರೊಳಗೆ ಮೊಣಕಾಲು ಹಿಡಿದುಕೊಂಡು ಮನೆಯಲ್ಲಿ ಕೂರುತ್ತಾನೆ. ಆಡಬೇಕಾದ ವಯಸ್ಸಿನಲ್ಲಿ ಆಟ ಬಿಡುವುದು ಮತ್ತು ಅಳತೆಯಿಲ್ಲದೆ ಆರಂಭಿಸುವುದು ಇವೆರಡೂ ತಿಳಿವಳಿಕೆಯ ಕೊರತೆಯಿಂದ ಬಂದ ತೊಂದರೆಗಳು. ತಿಳಿವಳಿಕೆಯ ಕೊರತೆಯನ್ನು ಓದು ತುಂಬಬಲ್ಲದು.

ವ್ಯಾಯಾಮವನ್ನು ಕುರಿತ ಹಳೆಯ ಗ್ರಂಥಗಳು

ಅಂಗಸಾಧನೆಯನ್ನು ಬರಹಕ್ಕಿಳಿಸುವ ಪದ್ಧತಿ ಬಹು ಪುರಾತನವಾದುದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವ್ಯಾಯಾಮದ ಪ್ರಯೋಜನಗಳನ್ನು ಹೇಳಿ, ಅದನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡತಕ್ಕದ್ದೆಂದು ವಿಧಿಸಲಾಗಿದೆ. ಅರ್ಧಬಲವೆಂದರೆ ಎಷ್ಟು? ಅದಕ್ಕೂ ಅಲ್ಲಿ ಲಕ್ಷಣವಿದೆ: ಉಸಿರು ಏರಿ ಬಾಯಿಯಿಂದ ಹೊರಬರತೊಡಗಿದಾಗ ಅರ್ಧಬಲ ವ್ಯಯವಾಯಿತೆಂದು ತಿಳಿಯಬೇಕು. ಇಂದಿನ ವೈದ್ಯರು ಇದಕ್ಕೆ ಹತ್ತಿರವಾದ ಪರೀಕ್ಷೆಯೊಂದನ್ನು ಹೇಳುತ್ತಾರೆ. ನಡೆಯುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಸಾಧ್ಯವಾಗದಿದ್ದರೆ ಅದು ಮಧ್ಯಮ ಶ್ರಮ. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಾದರೆ ಅದು ತೀವ್ರ ಶ್ರಮ. ಯಾವ ಯಂತ್ರವೂ ಬೇಡದ ಈ ಅಳತೆಯನ್ನು ಹಳ್ಳಿಯ ಮುದುಕರೂ ಬಳಸಬಹುದು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ನಮ್ಮ ನಾಡಿನವರು ಅಭಿಮಾನದಿಂದ ನೆನೆಯಬೇಕಾದ ಸಂಸ್ಕೃತ ಗ್ರಂಥ. ಅದರ ಮಲ್ಲವಿನೋದದ ಭಾಗದಲ್ಲಿ ಕುಸ್ತಿಯ ಮಲ್ಲರನ್ನು ಅವರ ವಯಸ್ಸು, ಮೈಕಟ್ಟು, ಬಲಗಳಿಗೆ ಅನುಸಾರವಾಗಿ ವಿಂಗಡಿಸಲಾಗಿದೆ. ಅವರ ಆಹಾರವನ್ನೂ ಅಭ್ಯಾಸಕ್ರಮವನ್ನೂ ಹೇಳಲಾಗಿದೆ. ಭಾರ ಎತ್ತುವುದು, ನಡೆಯುವುದು, ನೀರಿನಲ್ಲಿ ಈಜುವುದು, ಕಂಬವನ್ನು ಹಿಡಿದು ಸಾಧನೆ ಮಾಡುವುದು ಇವೆಲ್ಲ ಅಲ್ಲಿ ಬೇರೆಬೇರೆ ಶ್ರಮಗಳಾಗಿ ಹೆಸರು ಪಡೆದಿವೆ. ಇಂದಿನ ತರಬೇತುದಾರರು ಬಲ, ದಮ್ಮು, ಚುರುಕು ಎಂದು ಬೇರೆ ಮಾಡಿ ಕಲಿಸುವುದನ್ನು ಕಲ್ಯಾಣದ ಅರಸನು ಎಂಟುನೂರು ವರ್ಷಗಳಿಗೂ ಹಿಂದೆಯೇ ಗುರುತಿಸಿದ್ದನು.

ಪಾಶ್ಚಾತ್ಯರಲ್ಲಿಯೂ ಇಂತಹ ಪರಂಪರೆ ಉಂಟು. ಕ್ರಿ.ಶ. 2ನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ ಸಣ್ಣ ಚೆಂಡಿನ ವ್ಯಾಯಾಮವನ್ನು ಹೊಗಳಿ ಕಿರುಗ್ರಂಥವನ್ನೇ ಬರೆದನು. ಚೆಂಡಾಟಕ್ಕೆ ಹೆಚ್ಚಿನ ಖರ್ಚಿಲ್ಲ, ಅದರಲ್ಲಿ ಇಡೀ ಶರೀರ ದುಡಿಯುತ್ತದೆ, ಶಕ್ತಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು, ಮನಸ್ಸಿಗೂ ಉಲ್ಲಾಸವುಂಟು ಎಂಬುದು ಆತನ ವಾದ. 1569ರಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಮರ್ಕ್ಯುರಿಯಾಲಿಸ್ ಎಂಬ ವೈದ್ಯನ ವ್ಯಾಯಾಮಕಲೆಯ ಗ್ರಂಥ ಅಚ್ಚಾಯಿತು. ಅದರ ಆರು ಭಾಗಗಳಲ್ಲಿ ಮೊದಲ ಮೂರು ವ್ಯಾಯಾಮದ ಚರಿತ್ರೆಗೂ ಉಳಿದ ಮೂರು ಅದರ ವೈದ್ಯಕೀಯ ಪರಿಣಾಮಗಳಿಗೂ ಮೀಸಲಾಗಿವೆ. ಪಂದ್ಯ ಗೆಲ್ಲಲೆಂದೇ ದೇಹವನ್ನು ಅತಿಯಾಗಿ ದಂಡಿಸುವುದನ್ನು ಆತನು ಒಪ್ಪಲಿಲ್ಲ. ಆರೋಗ್ಯಕ್ಕಾಗಿ ಮಾಡುವ ಮಿತವಾದ ವ್ಯಾಯಾಮವನ್ನೇ ಎತ್ತಿ ಹಿಡಿದನು.

ಕನ್ನಡ ನೆಲದಲ್ಲಿ 20ನೆಯ ಶತಮಾನವು ಈ ಬಗೆಯ ಬರಹಕ್ಕೆ ಸುಕಾಲವಾಗಿತ್ತು. ಮೈಸೂರು ಅರಮನೆಯ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರ 'ಯೋಗಮಕರಂದ' 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಅವರು ಅಂಗಸಾಧನೆ ಮತ್ತು ಸೂರ್ಯನಮಸ್ಕಾರಗಳ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಓದಿ ಮೆಚ್ಚಿದ ಹಲವರಿಗೆ ಅವುಗಳ ಲೇಖಕರು ಇದೇ ಅಯ್ಯರ್ ಅವರೆಂಬುದು ತಿಳಿದಿರಲಾರದು. ಮೈ ಬೆಳೆಸುವವನ ಬುದ್ಧಿ ಬೆಳೆಯದೆಂಬ ಮಾತಿಗೆ ಇವರ ಬದುಕೇ ಉತ್ತರ.

ಹಾಕಿಯ ಪುಸ್ತಕಗಳು ಹೇಳುವ ಚರಿತ್ರೆ

ಭಾರತದ ಕ್ರೀಡಾಸಾಹಿತ್ಯದಲ್ಲಿ ಹಾಕಿಗೆ ವಿಶೇಷ ಸ್ಥಾನವಿದೆ. ಮೇಜರ್ ಧ್ಯಾನ್‌ಚಂದ್ ಅವರ ಆತ್ಮಕಥೆ 'ಗೋಲ್' 1952ರಲ್ಲಿ ಮದರಾಸಿನಿಂದ ಪ್ರಕಟವಾಯಿತು. 1905ರ ಆಗಸ್ಟ್ 29ರಂದು ಅಲಹಾಬಾದಿನಲ್ಲಿ ಜನಿಸಿದ ಧ್ಯಾನ್‌ಚಂದ್ ಬಾಲ್ಯದಲ್ಲಿ ಹಾಕಿಯನ್ನು ಗಂಭೀರವಾಗಿ ಆಡಿದವರಲ್ಲ. ಅವರಿಗಿದ್ದ ಒಲವು ಕುಸ್ತಿಯ ಕಡೆಗೆ. 1922ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಸಾಧಾರಣ ಸಿಪಾಯಿಯಾಗಿ ಸೇನೆ ಸೇರಿದ ಮೇಲೆ ಬಾಲೆ ತಿವಾರಿ ಎಂಬ ಸುಬೇದಾರ್ ಮೇಜರರು ಅವರ ಕೈಗೆ ಹಾಕಿ ಕೋಲು ಕೊಟ್ಟು ಪಾಠ ಹೇಳಿದರು. ಆರು ವರ್ಷಗಳಲ್ಲಿ, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ, ಭಾರತ ತಂಡವು ಒಂದು ಗೋಲನ್ನೂ ಬಿಟ್ಟುಕೊಡದೆ 29 ಗೋಲುಗಳನ್ನು ಹೊಡೆದು ಚಿನ್ನ ಗೆದ್ದಾಗ ಅವುಗಳಲ್ಲಿ 14 ಧ್ಯಾನ್‌ಚಂದರವಾಗಿದ್ದವು. ಹದಿನಾರರ ವಯಸ್ಸು ತಡವಾಯಿತೆಂದು ಅವರು ಎಣಿಸಲಿಲ್ಲ. ಚಿಕ್ಕಂದಿನಲ್ಲಿಯೇ ಆರಂಭಿಸದಿದ್ದರೆ ಪ್ರಯೋಜನವಿಲ್ಲವೆಂದು ಹಲುಬುವ ತಂದೆತಾಯಂದಿರು ಇದನ್ನು ಗಮನಿಸಬೇಕು.

1936ರ ಬರ್ಲಿನ್ ಒಲಿಂಪಿಕ್ಸ್ ಪ್ರಸಂಗ ಆರೋಗ್ಯದ ದೃಷ್ಟಿಯಿಂದಲೂ ಓದತಕ್ಕದ್ದು. ದೀರ್ಘವಾದ ಹಡಗಿನ ಪ್ರಯಾಣ ಮುಗಿಸಿ ಬಂದ ತಂಡವು ಜುಲೈ 17ರ ಅಭ್ಯಾಸ ಪಂದ್ಯದಲ್ಲಿ ಜರ್ಮನಿಗೆ 4-1 ಗೋಲುಗಳಿಂದ ಸೋತಿತು. ಆ ಸೋಲು ರಾತ್ರಿಯ ನಿದ್ರೆಯನ್ನೇ ಕಸಿಯಿತೆಂದು ಧ್ಯಾನ್‌ಚಂದ್ ಬರೆದಿದ್ದಾರೆ. ಆದರೆ ಆಗಸ್ಟ್ 15ರ ಅಂತಿಮ ಪಂದ್ಯದಲ್ಲಿ ಅದೇ ಜರ್ಮನಿಯನ್ನು 8-1ರಿಂದ ಸೋಲಿಸಿದರು. ನಡುವಿನ ನಾಲ್ಕು ವಾರಗಳಲ್ಲಿ ಅವರು ಹೊಸ ಹವೆಗೂ ನೆಲಕ್ಕೂ ಹೊಂದಿಕೊಂಡರು, ಒಟ್ಟಾಗಿ ಆಡಿ ಪಳಗಿದರು, ಅಲಿ ದಾರಾ ಅವರನ್ನು ಭಾರತದಿಂದ ಕರೆಸಿಕೊಂಡರು. ಪ್ರಯಾಣದಿಂದ ಬಳಲಿದ ಶರೀರವು ಒಡನೆಯೇ ಪೂರ್ಣಬಲವನ್ನು ಕೊಡಲಾರದು. ದೂರದೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು ಬೆಳಿಗ್ಗೆಯೇ ಬೆಟ್ಟ ಹತ್ತುವವರೂ, ಕಾಯಿಲೆಯಿಂದ ಎದ್ದ ಮರುದಿನವೇ ಹೊಲಕ್ಕೆ ಹೊರಡುವವರೂ ಇದನ್ನು ನೆನಪಿಡತಕ್ಕದ್ದು.

ಅದೇ ಅಂತಿಮ ಪಂದ್ಯವನ್ನು ಕುರಿತು ಇನ್ನೊಂದು ಸಂಗತಿ ಪ್ರಸಿದ್ಧವಾಗಿದೆ. ಮಳೆಯಿಂದ ನೆಲ ಒದ್ದೆಯಾಗಿದ್ದ ಕಾರಣ ಧ್ಯಾನ್‌ಚಂದ್ ಎರಡನೆಯ ಅವಧಿಯಲ್ಲಿ ಮೊಳೆಯ ಬೂಟನ್ನು ಕಳಚಿ ಆಡಿದರು. ಬರಿಗಾಲಿನಲ್ಲಿ ಆಡಿದರೆಂದು ಜನ ಹೇಳುತ್ತಾರೆ, ರಬ್ಬರ್ ಅಟ್ಟೆಯ ಪಾದರಕ್ಷೆಯಲ್ಲಿ ಆಡಿದರೆಂಬ ವರ್ಣನೆಯೂ ಇದೆ. ಯಾವುದೇ ಇರಲಿ, ನೆಲಕ್ಕೆ ತಕ್ಕ ಪಾದರಕ್ಷೆ ಬೇಕೆಂಬ ವಿವೇಕ ಇಲ್ಲಿ ಕಾಣುತ್ತದೆ. ಬೆಳಗಿನ ನಡಿಗೆಗೆ ಸವೆದ ಹವಾಯಿ ಚಪ್ಪಲಿ ಧರಿಸಿ ಹೋಗಿ ಹಿಮ್ಮಡಿ ನೋವನ್ನು ತಂದುಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಸಕ್ಕರೆ ಕಾಯಿಲೆಯುಳ್ಳವರಂತೂ ಎಂದಿಗೂ ಬರಿಗಾಲಿನಲ್ಲಿ ನಡೆಯಲಾಗದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಗಾಯವಾದುದು ತಿಳಿಯದೆ ಅದು ಹುಣ್ಣಾಗಿ ಬೆಳೆಯುವ ಅಪಾಯವುಂಟು.

ಬಲಬೀರ್ ಸಿಂಗ್ ಅವರ ಆತ್ಮಕಥೆ 'ದಿ ಗೋಲ್ಡನ್ ಹ್ಯಾಟ್ರಿಕ್' 1977ರಲ್ಲಿ ಬಂದಿತು. 1948, 1952 ಮತ್ತು 1956ರ ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಅವರು 1952ರ ಅಂತಿಮ ಪಂದ್ಯದಲ್ಲಿ ಭಾರತದ ಆರು ಗೋಲುಗಳ ಪೈಕಿ ಐದನ್ನು ತಾವೇ ಹೊಡೆದರು. 1956ರ ಮೆಲ್ಬರ್ನ್‌ನಲ್ಲಿ ನಾಯಕರಾಗಿದ್ದಾಗ ಬೆರಳು ಮುರಿಯಿತು; ನೋವು ಶಮನದ ಚುಚ್ಚುಮದ್ದು ಪಡೆದು ಅಂತಿಮ ಪಂದ್ಯ ಆಡಿದರು. ಪಾಕಿಸ್ತಾನದ ವಿರುದ್ಧ 1-0 ಗೆಲುವು ದೊರೆಯಿತು. ಇಂತಹ ಪುಟಗಳನ್ನು ಓದುವಾಗ ಮೈ ನವಿರೇಳುವುದು ಸಹಜ. ಆದರೆ ಅದು ಒಂದು ದೇಶದ ನಾಯಕ, ಜೀವಮಾನದ ಒಂದು ಪಂದ್ಯಕ್ಕಾಗಿ, ವೈದ್ಯರ ಕಣ್ಣೆದುರಿನಲ್ಲಿ ತಳೆದ ನಿರ್ಧಾರ. ನೋವು ಶರೀರದ ಎಚ್ಚರಿಕೆಯ ಗಂಟೆ. ಮಾತ್ರೆ ನುಂಗಿ ಆ ಗಂಟೆಯ ದನಿ ಅಡಗಿಸಿ ಕಬಡ್ಡಿ ಪಂದ್ಯಕ್ಕೆ ಇಳಿಯುವ ಹುಡುಗರೂ, ಮೊಣಕಾಲು ನೋವಿನ ಗುಳಿಗೆಯನ್ನು ವರ್ಷಗಟ್ಟಲೆ ತಾವಾಗಿಯೇ ಕೊಂಡು ನುಂಗುವ ಹಿರಿಯರೂ ಮೂಲ ಗಾಯವನ್ನು ಹೆಚ್ಚಿಸಿಕೊಳ್ಳುತ್ತಾರೆ. ಇಂತಹ ಗುಳಿಗೆಗಳಲ್ಲಿ ಹಲವು ಮೂತ್ರಪಿಂಡ ಮತ್ತು ಜಠರಗಳಿಗೂ ಹಾನಿ ಮಾಡುತ್ತವೆ. ಮೈದಾನ ಬಿಟ್ಟ ಮೇಲೆಯೂ ಬಲಬೀರರು ಆಟದ ಸೇವೆ ಬಿಡಲಿಲ್ಲ. 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದೊಡನೆ ವ್ಯವಸ್ಥಾಪಕರಾಗಿ ಇದ್ದರು. 96 ವರ್ಷಗಳ ತುಂಬು ಜೀವನ ನಡೆಸಿ 2020ರಲ್ಲಿ ನಿಧನರಾದರು.

ಹುಲ್ಲಿನಿಂದ ಕೃತಕ ಹಾಸಿಗೆ

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಕೃತಕ ಹುಲ್ಲುಹಾಸಿನ ಮೇಲೆ ಆಡಿಸಲಾಯಿತು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಆ ನಂತರ 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ದೊರೆತರೂ, ಮತ್ತೊಂದು ಒಲಿಂಪಿಕ್ ಪದಕಕ್ಕಾಗಿ 2021ರ ಟೋಕಿಯೊವರೆಗೆ, ಎಂದರೆ 41 ವರ್ಷ, ಕಾಯಬೇಕಾಯಿತು. ಅಲ್ಲಿ ಪುರುಷರು ಕಂಚು ಗೆದ್ದರು, ಮಹಿಳೆಯರು ನಾಲ್ಕನೆಯ ಸ್ಥಾನ ಪಡೆದರು. 2024ರ ಪ್ಯಾರಿಸ್‌ನಲ್ಲಿ ಪುರುಷರಿಗೆ ಮತ್ತೆ ಕಂಚು ದೊರೆಯಿತು.

ಈ ಇಳಿತಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಶರೀರಕ್ಕೆ ಸಂಬಂಧಿಸಿದುದನ್ನು ಮಾತ್ರ ಇಲ್ಲಿ ನೋಡೋಣ. ಏರುತಗ್ಗಿನ ಹುಲ್ಲುನೆಲದಲ್ಲಿ ಚೆಂಡು ನಿಧಾನವಾಗಿ, ಪುಟಿಯುತ್ತಾ ಸಾಗುತ್ತದೆ. ಅಲ್ಲಿ ಮಣಿಕಟ್ಟಿನ ಚಳಕಕ್ಕೆ ಬೆಲೆ. ಸಮತಟ್ಟಾದ ಕೃತಕ ಹಾಸಿನ ಮೇಲೆ ಚೆಂಡು ಬಾಣದಂತೆ ಸಾಗುವುದರಿಂದ ಆಟಗಾರನು 91.4 ಮೀಟರ್ ಉದ್ದ, 55 ಮೀಟರ್ ಅಗಲದ ಅಂಗಣದಲ್ಲಿ ಎಡೆಬಿಡದೆ ಓಡಬೇಕು, ಒಮ್ಮೆಲೆ ನಿಲ್ಲಬೇಕು, ತಿರುಗಬೇಕು. ಹಿಂದೆ 35 ನಿಮಿಷಗಳ ಎರಡು ಅವಧಿಗಳಿದ್ದ ಆಟ ಈಗ 15 ನಿಮಿಷಗಳ ನಾಲ್ಕು ಅವಧಿಗಳದ್ದಾಗಿದೆ. ಆಟಗಾರರನ್ನು ಬೇಕಾದಾಗ ಹೊರಗೆ ಕರೆದು ದಣಿವಾರಿಸಿ ಮತ್ತೆ ಕಳುಹಿಸಲು ಅವಕಾಶವಿದೆ. ಆದುದರಿಂದಲೇ ಹೊಸ ಕಾಲದ ತರಬೇತಿ ಪುಸ್ತಕಗಳಲ್ಲಿ ಚೆಂಡಿನ ಚಳಕದಷ್ಟೇ ಪುಟಗಳು ಹೃದಯ, ಶ್ವಾಸಕೋಶ, ತೊಡೆ, ಸೊಂಟಗಳ ಸಾಮರ್ಥ್ಯಕ್ಕೂ ಮೀಸಲಾಗಿವೆ.

ನೆಲ ಬದಲಾದರೆ ಶರೀರದ ಸಿದ್ಧತೆಯೂ ಬದಲಾಗಬೇಕೆಂಬುದು ಇದರ ಸಾರ. ನಮ್ಮ ಬದುಕಿನ ನೆಲವೂ ಬದಲಾಗಿದೆ. ನಮ್ಮ ಅಜ್ಜಂದಿರು ನೇಗಿಲು ಹಿಡಿದು, ಅಜ್ಜಿಯರು ಬೀಸುಕಲ್ಲು ತಿರುಗಿಸಿ, ಮೈಲಿಗಟ್ಟಲೆ ನಡೆದು ಬಾಳಿದರು. ಅವರು ಉಂಡ ಬೆಣ್ಣೆ, ತುಪ್ಪ, ಬೆಲ್ಲ ಕೆಲಸದಲ್ಲಿಯೇ ಕರಗುತ್ತಿತ್ತು. ಟ್ರ್ಯಾಕ್ಟರು, ಮಿಕ್ಸರು, ಮೋಟಾರು ಬೈಕುಗಳ ನಡುವೆ ನಾವು ಅದೇ ಊಟವನ್ನು ಅದೇ ಪ್ರಮಾಣದಲ್ಲಿ ಉಂಡರೆ ಕೊಬ್ಬು ಹೊಟ್ಟೆಯಲ್ಲಿಯೂ ರಕ್ತನಾಳಗಳಲ್ಲಿಯೂ ಕೂಡಿಕೊಳ್ಳುತ್ತದೆ. ಪೈಲವಾನರ ಆಹಾರವನ್ನು ವರ್ಣಿಸುವ ಹಳೆಯ ಪುಸ್ತಕಗಳನ್ನು ಓದಿ ಬಾದಾಮಿ, ಹಾಲು, ತುಪ್ಪಗಳನ್ನು ಮಾತ್ರ ಅನುಸರಿಸಿ ದಂಡೆ, ಬಸ್ಕಿಗಳನ್ನು ಬಿಟ್ಟರೆ ಆಗುವುದೂ ಇದೇ.

ಕೊಡಗಿನ ನಿದರ್ಶನ

ಕರ್ನಾಟಕದ ಹಾಕಿಯೆಂದರೆ ಕೊಡಗಿನ ನೆನಪು ಬರದೆ ಇರದು. 1973ರ ವಿಶ್ವಕಪ್‌ನಲ್ಲಿ ಎರಡನೆಯ ಸ್ಥಾನ ಪಡೆದ ತಂಡದ ನಾಯಕ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದು 1988ರಲ್ಲಿ ಸೋಲ್‌ನಲ್ಲಿ ತಂಡದ ನಾಯಕರಾದ ಎಂ.ಎಂ. ಸೋಮಯ್ಯ ಇವರೆಲ್ಲ ಆ ಪುಟ್ಟ ಜಿಲ್ಲೆಯ ಮಕ್ಕಳು. ಆದರೆ ಆರೋಗ್ಯದ ದೃಷ್ಟಿಯಿಂದ ಇವರಷ್ಟೇ ಮುಖ್ಯವಾದುದು ಅಲ್ಲಿಯ ಕುಟುಂಬ ಹಾಕಿ ಹಬ್ಬ. ಪಾಂಡಂಡ ಕುಟ್ಟಪ್ಪನವರ ಪ್ರಯತ್ನದಿಂದ 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಈ ಹಬ್ಬದಲ್ಲಿ 2024ರಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ಒಂದೇ ಮನೆತನದ ಹಿರಿಯರು, ಕಿರಿಯರು, ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಕೋಲು ಹಿಡಿಯುವುದು ಇದರ ಸೊಗಸು.

ಒಬ್ಬನೇ ಮಾಡುವ ವ್ಯಾಯಾಮ ಬೇಗ ಬೇಸರ ತರುತ್ತದೆ, ಹತ್ತು ದಿನಗಳಲ್ಲಿ ನಿಲ್ಲುತ್ತದೆ. ಮನೆಯವರು ಕೂಡಿ ಆಡುವ ಆಟ ವರ್ಷದಿಂದ ವರ್ಷಕ್ಕೆ ಉಳಿಯುತ್ತದೆ. ಬರುವ ವರ್ಷದ ಹಬ್ಬಕ್ಕೆ ಸಿದ್ಧವಾಗಬೇಕೆಂಬ ಆಸೆಯೇ ಮೈಯನ್ನು ಹಗುರವಾಗಿ ಇಡುತ್ತದೆ. ನಮ್ಮ ಊರುಗಳ ಜಾತ್ರೆಗಳಲ್ಲಿ ಕುಸ್ತಿ, ಖೋಖೋ, ಹಗ್ಗ ಜಗ್ಗಾಟಗಳು ಇನ್ನೂ ಉಳಿದಿರುವೆಡೆ ಅವುಗಳನ್ನು ಹೆಣ್ಣುಮಕ್ಕಳಿಗೂ ನಡುವಯಸ್ಸಿನವರಿಗೂ ತೆರೆದರೆ ಅದರಿಂದ ಊರಿಗೇ ಒಳಿತು. ಆಟಕ್ಕೆ ದೊಡ್ಡ ಕ್ರೀಡಾಂಗಣವೇ ಬೇಕೆಂದಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆಯವರು ಕಲಿತದ್ದು ಬೆಂಗಳೂರಿನ ಕೆನರಾ ಯೂನಿಯನ್ನಿನ ಮದುವೆ ಮಂಟಪದಲ್ಲಿ. ಮದುವೆಗಳಿದ್ದ ದಿನ ಅಲ್ಲಿ ಆಟವಿರಲಿಲ್ಲ.

ತರಬೇತಿ ಪುಸ್ತಕಗಳ ನಾಲ್ಕು ಸೂತ್ರಗಳು

ಆಟ ಯಾವುದೇ ಇರಲಿ, ಒಳ್ಳೆಯ ತರಬೇತಿ ಪುಸ್ತಕಗಳಲ್ಲಿ ನಾಲ್ಕು ಸೂತ್ರಗಳು ತಪ್ಪದೆ ಕಾಣುತ್ತವೆ.

ಮೊದಲನೆಯದು, ಮೈ ಬೆಚ್ಚಗಾಗಿಸಿಕೊಳ್ಳುವುದು. ವಿಶ್ರಾಂತಿಯಲ್ಲಿರುವಾಗ ಸ್ನಾಯುಗಳಿಗೆ ರಕ್ತ ಕಡಿಮೆ ಹರಿಯುತ್ತದೆ. ಹತ್ತು ನಿಮಿಷ ನಿಧಾನವಾಗಿ ನಡೆದು, ಕೈಕಾಲು ಆಡಿಸಿದರೆ ರಕ್ತದ ಹರಿವು ಹೆಚ್ಚಿ ಸ್ನಾಯುಗಳು ಮೃದುವಾಗುತ್ತವೆ, ಹೃದಯವೂ ಮೆಲ್ಲಗೆ ವೇಗಕ್ಕೆ ಹೊಂದಿಕೊಳ್ಳುತ್ತದೆ. ಹೀಗೆಯೇ ಮುಗಿಸುವಾಗಲೂ ಒಮ್ಮೆಲೆ ನಿಲ್ಲದೆ ಐದು ನಿಮಿಷ ನಿಧಾನವಾಗಿ ನಡೆಯಬೇಕು. ಓಡಿ ಬಂದು ಥಟ್ಟನೆ ನಿಂತರೆ ರಕ್ತ ಕಾಲುಗಳಲ್ಲಿಯೇ ಉಳಿದು ತಲೆ ಸುತ್ತುವುದುಂಟು.

ಎರಡನೆಯದು, ಸ್ವಲ್ಪಸ್ವಲ್ಪವಾಗಿ ಏರಿಸುವುದು. ಹೃದಯ ಮತ್ತು ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಸ್ನಾಯುರಜ್ಜು, ಮೂಳೆ, ಕೀಲುಗಳಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಇನ್ನೂ ಓಡಬಲ್ಲೆನೆಂದು ಉಸಿರು ಹೇಳುವಾಗಲೇ ಮೊಣಕಾಲು ಸೋತಿರುತ್ತದೆ. ಹೊಸಬರು ಮೊದಲ ತಿಂಗಳು ನಡಿಗೆಯಲ್ಲಿಯೇ ಕಳೆಯುವುದು ಲೇಸು.

ಮೂರನೆಯದು, ವಿಶ್ರಾಂತಿ. ಶ್ರಮದಲ್ಲಿ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಸವೆಯುತ್ತವೆ. ಅವು ಮೊದಲಿಗಿಂತ ಬಲವಾಗಿ ಕೂಡಿಕೊಳ್ಳುವುದು ವಿಶ್ರಾಂತಿ ಮತ್ತು ನಿದ್ರೆಗಳಲ್ಲಿ. ಬೆಳೆಯುವ ಹದಿಹರೆಯದವರಿಗೆ 8ರಿಂದ 10 ಗಂಟೆಗಳ ನಿದ್ರೆ ಬೇಕು. ಓಟಗಾರ ಮಿಲ್ಖಾ ಸಿಂಗರು ಅಭ್ಯಾಸದಲ್ಲಿ ರಕ್ತ ಕಾರುವವರೆಗೂ ಓಡಿದ ಕಥೆಯನ್ನು ಓದಿ ಹುಡುಗರು ಹುರುಪುಗೊಳ್ಳುತ್ತಾರೆ. ಅವರ ಛಲ ನಮಗೆ ಬೇಕು, ಆ ವಿಧಾನ ಬೇಡವೆಂದು ಮನೆಯ ಹಿರಿಯರು ತಿಳಿಹೇಳಬೇಕು.

ನಾಲ್ಕನೆಯದು, ಶರೀರದ ಸರಿಯಾದ ಭಂಗಿ. ಹಾಕಿ ಆಟಗಾರನು ಗಿಡ್ಡ ಕೋಲು ಹಿಡಿದು ಬಗ್ಗಿಯೇ ಓಡಬೇಕಾದುದರಿಂದ ಸೊಂಟನೋವು ಅವನಿಗೆ ಅಂಟಿಕೊಂಡ ತೊಂದರೆ. ಬೆನ್ನನ್ನು ಕಮಾನಿನಂತೆ ಬಗ್ಗಿಸದೆ, ಮೊಣಕಾಲು ಮಡಿಸಿ, ಸೊಂಟದ ಕೀಲಿನಿಂದ ಬಾಗಬೇಕೆಂದು ತರಬೇತುದಾರರು ಕಲಿಸುತ್ತಾರೆ. ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಗಳನ್ನು ಮಾಡಿಸುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಗುರಿಕಾರ ಅಭಿನವ್ ಬಿಂದ್ರಾ ಕೂಡ ಅದಕ್ಕೆ ಮೊದಲು ತೀವ್ರ ಬೆನ್ನುನೋವಿನಿಂದ ಬಳಲಿ ಕೆಲಕಾಲ ಬಂದೂಕು ಹಿಡಿಯಲಾಗದೆ ಇದ್ದವರೇ. 2011ರಲ್ಲಿ ಬಂದ ಅವರ 'ಎ ಶಾಟ್ ಅಟ್ ಹಿಸ್ಟರಿ' ಬೆನ್ನುನೋವಿರುವವರಿಗೆ ಧೈರ್ಯ ತುಂಬುವ ಓದು. ಕಳೆ ಕೀಳುವ, ನಾಟಿ ಹಾಕುವ, ಕಸ ಗುಡಿಸುವ ನಮ್ಮ ತಾಯಂದಿರೂ ದಿನವಿಡೀ ಹಾಕಿ ಆಟಗಾರನ ಹಾಗೆಯೇ ಬಗ್ಗಿರುತ್ತಾರೆ. ಅವರಿಗೂ ಇದೇ ಸೂತ್ರ ಅನ್ವಯಿಸುತ್ತದೆ: ಉದ್ದ ಹಿಡಿಯ ಕಸಬರಿಗೆ ಬಳಸುವುದು, ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು ಬೆನ್ನನ್ನು ಮೆಲ್ಲಗೆ ಹಿಂದಕ್ಕೆ ಚಾಚುವುದು, ಭಾರವನ್ನು ಮೊಣಕಾಲು ಮಡಿಸಿ ಎತ್ತುವುದು.

ಓದುವಾಗ ಇರಬೇಕಾದ ಎಚ್ಚರ

ಕ್ರೀಡಾಗ್ರಂಥಗಳು ತಮ್ಮ ತಮ್ಮ ಕಾಲದ ತಿಳಿವಳಿಕೆಯನ್ನು ಹೊತ್ತು ಬರುತ್ತವೆ. ಆಡುವಾಗ ನೀರು ಕುಡಿಯಬಾರದೆಂಬ ನಂಬಿಕೆ ಒಂದು ಕಾಲದಲ್ಲಿ ಪ್ರಬಲವಾಗಿತ್ತು. ಇಂದು ಅದನ್ನು ಪಾಲಿಸಿದರೆ ಬೇಸಗೆಯಲ್ಲಿ ಪ್ರಾಣಕ್ಕೇ ಅಪಾಯ. ಆಟದ ಮೊದಲು, ನಡುವೆ, ನಂತರ ಗುಟುಕು ಗುಟುಕಾಗಿ ನೀರು ಕುಡಿಯಬೇಕು. ಬಹಳ ಬೆವರಿದಾಗ ಉಪ್ಪು ಬೆರೆಸಿದ ಮಜ್ಜಿಗೆ ಉತ್ತಮ. ಆದರೆ ರಕ್ತದೊತ್ತಡ ಮತ್ತು ಮೂತ್ರಪಿಂಡದ ತೊಂದರೆಯುಳ್ಳವರು ಉಪ್ಪು, ಎಳನೀರುಗಳ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಊಟವಾದ ಎರಡು ಮೂರು ಗಂಟೆಗಳ ನಂತರ ಆಟವಾಡುವುದು ಕ್ಷೇಮ. ಜೋಳದ ರೊಟ್ಟಿ ಅಥವಾ ರಾಗಿ ಮುದ್ದೆ, ಬೇಳೆಕಾಳು, ಮೊಳಕೆ ಕಾಳು, ಸೊಪ್ಪು, ಶೇಂಗಾ, ಹಾಲು, ಮೊಸರು ಇಷ್ಟು ಇದ್ದರೆ ಸಸ್ಯಾಹಾರಿ ಮಕ್ಕಳಿಗೆ ಆಟದ ಬಲಕ್ಕೆ ಕೊರತೆಯಾಗದು. ಬೆಲೆ ತೆತ್ತು ಡಬ್ಬಿಯ ಪುಡಿಗಳನ್ನು ತರಬೇಕಾದ ಅಗತ್ಯವಿಲ್ಲ.

ಗಾಯಗಳ ವಿಷಯದಲ್ಲಿಯೂ ಹಳೆಯ ರೂಢಿಗಳನ್ನು ತಿದ್ದಿಕೊಳ್ಳಬೇಕಾಗಿದೆ. ಕಾಲು ಉಳುಕಿದೊಡನೆ ಎಣ್ಣೆ ಹಚ್ಚಿ ಬಲವಾಗಿ ಉಜ್ಜುವುದರಿಂದ ಊತ ಹೆಚ್ಚುತ್ತದೆ. ಮೊದಲ ಎರಡು ದಿನ ಕಾಲಿಗೆ ವಿಶ್ರಾಂತಿ ಕೊಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಆಗಾಗ ಇಟ್ಟು, ಹದವಾಗಿ ಪಟ್ಟಿ ಕಟ್ಟಿ, ಕಾಲನ್ನು ಎತ್ತರದಲ್ಲಿ ಇರಿಸಬೇಕು. ಹೆಜ್ಜೆ ಊರಲು ಆಗದಿದ್ದರೆ ಮೂಳೆಯ ಪರೀಕ್ಷೆ ಆಗಲೇಬೇಕು. ಹಾಕಿ ಚೆಂಡು ಸುಮಾರು 160 ಗ್ರಾಂ ತೂಕದ ಗಟ್ಟಿ ವಸ್ತು. ಮಕ್ಕಳು ಮೊಣಕಾಲಿನ ಕೆಳಗಿನ ಕಾಲುಕವಚ ಮತ್ತು ಹಲ್ಲಿನ ಕವಚಗಳಿಲ್ಲದೆ ಆಡಕೂಡದು. ತಲೆಗೆ ಪೆಟ್ಟು ಬಿದ್ದವರು ಚೆನ್ನಾಗಿರುವಂತೆ ತೋರಿದರೂ ಆ ದಿನ ಮತ್ತೆ ಆಡಬಾರದು. ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಯಾರಿಗೆ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಮಾರ್ಗದರ್ಶನ ಹೀಗಿದೆ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಪ್ರಮಾಣದ ದೈಹಿಕ ಚಟುವಟಿಕೆ ನಡೆಸಬೇಕು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮ ಮಾಡಬೇಕು. ಅದರೊಂದಿಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಸಾಧನೆ ಇರಬೇಕು. 65 ದಾಟಿದವರು ಇವುಗಳ ಜೊತೆಗೆ ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸ ಮಾಡಿದರೆ ಬೀಳುವ ಭಯ ಕಡಿಮೆಯಾಗುತ್ತದೆ. ಗೋಡೆಯ ಆಸರೆಯಲ್ಲಿ ಒಂಟಿ ಕಾಲಿನ ಮೇಲೆ ನಿಲ್ಲುವುದು, ಕುರ್ಚಿಯಿಂದ ಕೈಯೂರದೆ ಏಳುವುದು ಅಂತಹ ಸರಳ ಅಭ್ಯಾಸಗಳು.

ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ ಉಳ್ಳವರು ಹೊಸ ವ್ಯಾಯಾಮ ಆರಂಭಿಸುವ ಮುನ್ನ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಶ್ರಮದ ವೇಳೆ ಎದೆ ಬಿಗಿದರೆ, ನೋವು ಎಡತೋಳಿಗೋ ದವಡೆಗೋ ಹರಡಿದರೆ, ಕಣ್ಣು ಕತ್ತಲಿಟ್ಟರೆ ಆ ಕ್ಷಣವೇ ನಿಲ್ಲಿಸಿ ಸಹಾಯ ಕೋರಬೇಕು. ಗ್ಯಾಸ್ ಇರಬಹುದೆಂದು ಸುಮ್ಮನೆ ಕೂರುವುದು ತರವಲ್ಲ.

ಮನೆಯಲ್ಲಿ ನಡೆಸಬಹುದಾದ ಅಭ್ಯಾಸ

ಓದು ಮತ್ತು ಆಟ ಒಂದಕ್ಕೊಂದು ವಿರೋಧಿಯೆಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಕ್ರೀಡಾಗ್ರಂಥಗಳು ಇವೆರಡನ್ನೂ ಬೆಸೆಯುತ್ತವೆ. ಆಟದ ಒಲವಿದ್ದು ಪುಸ್ತಕ ಕಂಡರೆ ದೂರ ಓಡುವ ಹುಡುಗನಿಗೆ ಧ್ಯಾನ್‌ಚಂದರ ಕಥೆ ಓದಿನ ರುಚಿ ಹತ್ತಿಸೀತು. ಸದಾ ಪುಸ್ತಕ ಹಿಡಿದು ಕೂರುವ ಹುಡುಗಿಯನ್ನು ಅದೇ ಕಥೆ ಮೈದಾನಕ್ಕೆ ಕರೆದೊಯ್ದೀತು. ಊರಿನ ಗ್ರಂಥಾಲಯದಲ್ಲಿಯೂ ಶಾಲೆಯ ಕಪಾಟಿನಲ್ಲಿಯೂ ಇಂತಹ ಕೆಲವು ಪುಸ್ತಕಗಳು ಇರುವಂತೆ ಕೇಳಿಕೊಳ್ಳುವುದು ತಂದೆತಾಯಂದಿರ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಇಂಗ್ಲಿಷಿನ ಪುಸ್ತಕವಾದರೆ ಮನೆಯಲ್ಲಿ ಓದಬಲ್ಲವರು ರಾತ್ರಿ ಊಟದ ನಂತರ ಒಂದೊಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳಿ ಕೇಳಿಸಬಹುದು.

ಹತ್ತನೆಯ ತರಗತಿಯ ಪರೀಕ್ಷೆಗೆ ಸಿದ್ಧವಾಗುತ್ತಿರುವ ಮಗುವಿಗೂ ದಿನದ 24 ಗಂಟೆಗಳಲ್ಲಿ ಒಂದು ಗಂಟೆಯ ಆಟ ಸಿಗಲೇಬೇಕು. ಆ ಒಂದು ಗಂಟೆಯಿಂದ ನಿದ್ರೆ ಗಾಢವಾಗುತ್ತದೆ, ಮನಸ್ಸಿನ ಆತಂಕ ತಗ್ಗುತ್ತದೆ, ಮರುದಿನದ ಓದಿನಲ್ಲಿ ಗಮನ ನಿಲ್ಲುತ್ತದೆ. ದೊಡ್ಡವರಾದ ನಾವು ಮಕ್ಕಳಿಗೆ ಆಡಲು ಹೇಳಿ ಕಟ್ಟೆಯ ಮೇಲೆ ಕುಳಿತರೆ ಸಾಲದು. ಅರ್ಧಬಲದ ಅಳತೆಯನ್ನು ಮೀರದೆ, ಮೊದಲು ನಡಿಗೆಯಿಂದ ಆರಂಭಿಸಿ, ನಾವೂ ಅವರೊಡನೆ ಅಂಗಳಕ್ಕೆ ಇಳಿಯೋಣ.